ತಿರುಗಿಸದೆ ಬಿಟ್ಟ ಬೆಂಚು

"ಹೆರ್ ಲೆಮ್ಕೆ, ಇದೊಂದು ಬೆಂಚು ಮಾತ್ರ ಯಾಕೆ ಬಾಗಿಲ ಕಡೆ ಮುಖ ಮಾಡಿದೆ?"

ಮೂರನೇ ನಂಬರ್ ಟ್ರಾಂನ ಒಳಗಿಂದ ಫ್ರಾವ್ ಪಾಶ್ಕೆಯ ದನಿ ಕೇಳಿಸಿತು. ನಾನು ಕೆಳಗೆ ಗಾಲಿಗೆ ಎಣ್ಣೆ ಹಾಕುವ ನೆಪದಲ್ಲಿ ನಿಂತಿದ್ದೆ. ನೆಪ ಎಂದೆ, ಯಾಕೆಂದರೆ ಆ ಗಾಲಿಗೆ ಬೆಳಿಗ್ಗೆಯೇ ಎಣ್ಣೆ ಹಾಕಿಯಾಗಿತ್ತು. ಶೆಡ್ಡಿನ ಮೇಸ್ತ್ರಿ ಕೈಕಟ್ಟಿ ನಿಂತರೆ ಊರು ಏನೆನ್ನುತ್ತದೋ ಎಂಬ ಭಯ ಆ ವಾರವಿಡೀ ನನ್ನನ್ನು ಬಿಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಶೆಡ್ಡಿನ ಗೋಡೆ ಕಪಾಟಿನಿಂದ ಊರಿನ ಪುಸ್ತಕ ಮಾಯವಾಗಿತ್ತು. ಕಪಾಟಿನ ಕಬ್ಬಿಣದ ಜಾಲರಿಯ ಹಿಂದೆ ಅದರ ಜಾಗ ಖಾಲಿ ಕಾಣುತ್ತಿತ್ತು. ಈಗ ಗುರುವಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಅದನ್ನು ಜಿಲ್ಲಾ ಕಚೇರಿಯ ಮೇಜಿನ ಮೇಲೆ ಇಡದಿದ್ದರೆ ಎರ್ಲೆನಾವ್ ಊರಿಗೆ ಟ್ರಾಂ ಇಲ್ಲ.

ಬೀಗ ಒಡೆದಿರಲಿಲ್ಲ. ಶೆಡ್ಡಿನದೂ ಇಲ್ಲ, ಕಪಾಟಿನದೂ ಇಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಬಳಿ, ಮೇಯರ್ ರೋಸ್ವಿತಾ ಹಾಂಕೆ ಮತ್ತು ನಾನು. ರೋಸ್ವಿತಾ ಆ ಮಧ್ಯಾಹ್ನ ಬರ್ಲಿನ್ನಿನಲ್ಲಿ ಮಗಳ ಮನೆಯಲ್ಲಿದ್ದರು. ನಾನು ಹೋಟೆಲಿನಲ್ಲಿ ಮೂವರೊಂದಿಗೆ ಇಸ್ಪೀಟು ಆಡುತ್ತಿದ್ದೆ. ಆದರೂ ಬೇಕರಿಯವಳು ಮಂಗಳವಾರದಿಂದ ನನಗೆ ಬ್ರೆಡ್ ಕೊಡುವಾಗ ಮುಖ ನೋಡುತ್ತಿಲ್ಲ.

"ನಿಮ್ಮ ಬೀಗದ ಕೈ ಭಾನುವಾರ ಎಲ್ಲಿತ್ತು ಅಂದ್ರಿ?" ಪಾಶ್ಕೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಮನೇಲಿ, ಬಾಗಿಲ ಪಕ್ಕದ ಮೊಳೆಗೆ. ಎಷ್ಟು ಸಲ ಹೇಳಲಿ? ಮನೇಲಿ ಅಮ್ಮ ಇದ್ರು. ಅವರ ಕಣ್ಣು ತಪ್ಪಿಸಿ ಒಂದು ಇಲಿ ಕೂಡ ಒಳಗೆ ಬರಲ್ಲ."

"ಸರಿ. ಮೇಲೆ ಬನ್ನಿ."

ಗೆರ್ಡಾ ಪಾಶ್ಕೆ ಹಿಂದಿನ ವರ್ಷದವರೆಗೆ ಪೊಲೀಸ್ ಇಲಾಖೆಯ ಪತ್ತೇದಾರರು. ತೊಂಬತ್ತರಲ್ಲಿ ಎರಡು ಜರ್ಮನಿ ಒಂದಾದ ಮೇಲೆ ಕೆಲಸ ಹೋಯಿತು. ಈಗ ನಮ್ಮ ಟ್ರಾಂನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಾರೆ. ವಯಸ್ಸು ಐವತ್ತೆರಡು. ಕಾಯಿದೆ ಬಿಟ್ಟು ಬೇರೆ ದೇವರಿಲ್ಲ ಅವರಿಗೆ. ಮೇ ಒಂದರಂದು ಟಿಕೆಟ್ ಇಲ್ಲದೆ ಹತ್ತಿದ್ದ ಮೇಯರಿಗೂ, ಪಕ್ಕದಲ್ಲಿದ್ದ ಅವರ ಅತಿಥಿಗೂ ಅಷ್ಟು ಜನರ ಎದುರು ದಂಡ ಹಾಕಿದ ಹೆಂಗಸು. ಪಾಸು ಮರೆತಿದ್ದಕ್ಕೆ ನನಗೂ ಒಮ್ಮೆ ಹಾಕಿದ್ದಾರೆ. ಈ ಪುಸ್ತಕದ ಪತ್ತೆಯನ್ನು ಅವರಿಗೆ ಒಪ್ಪಿಸಿ ಎಂದು ಊರಸಭೆಯಲ್ಲಿ ಕೂಗಿದವನೂ ನಾನೇ.

ಮೇಲೆ ಹತ್ತಿ ನೋಡಿದೆ. ಒಟ್ಟು ಹನ್ನೆರಡು ಮರದ ಬೆಂಚು. ಹನ್ನೊಂದು ಗೋಡೆಯ ಕಡೆ ನೋಡುತ್ತಿದ್ದವು. ಗೋಡೆಗೆ ಹತ್ತಿರದ ಕೊನೆಯದೊಂದು ಮಾತ್ರ ಶೆಡ್ಡಿನ ಬಾಗಿಲ ಕಡೆ ನೋಡುತ್ತಿತ್ತು.

ನಾಲ್ಕು ದಿನದಿಂದ ದಿನಕ್ಕೆ ಹತ್ತು ಸಲ ಈ ಗಾಡಿಯ ಪಕ್ಕದಲ್ಲೇ ಓಡಾಡಿದ್ದೆ. ಕಪಾಟು ನೋಡಿದ್ದೆ, ಬೀಗ ನೋಡಿದ್ದೆ, ನೆಲದ ಧೂಳು ನೋಡಿದ್ದೆ. ಬೆಂಚು ನೋಡಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಇದನ್ನು ಯಾರೋ ಓಡಿಸಿದಾರೆ," ಎಂದೆ.

"ಅದು ನನಗೂ ಗೊತ್ತು. ಇದನ್ನು ಸರಿಸದೆ ಕಪಾಟಿನ ಬಾಗಿಲು ತೆಗೆಯಕ್ಕಾಗಲ್ಲ."

ನಿಜ. ಮೂರನೇ ನಂಬರ್ ನಮ್ಮ ಮೊದಲ ಗಾಡಿಗಳಲ್ಲಿ ಉಳಿದಿರುವ ಒಂದೇ ಒಂದು. ವರ್ಷಕ್ಕೊಮ್ಮೆ, ಮೇ ಒಂದರಂದು ಹೊರಗೆ ಬರುತ್ತದೆ. ಉಳಿದ ದಿನ ಗೋಡೆಗೆ ಒತ್ತಿ ನಿಂತಿರುತ್ತದೆ, ಕಪಾಟಿಗೆ ಹನ್ನೊಂದು ಟನ್ನಿನ ಬೀಗವಾಗಿ.

"ನಾನು ಮೇ ತಿಂಗಳಲ್ಲಿ ನಿಲ್ಲಿಸುವಾಗ ಹನ್ನೆರಡೂ ಬೆಂಚನ್ನು ಬಾಗಿಲ ಕಡೆ ತಿರುಗಿಸಿಟ್ಟಿದ್ದೆ," ಎಂದೆ. "ಕಳ್ಳ ಗಾಡೀನ ಮುಂದಕ್ಕೆ ತಂದಿದಾನೆ, ಪುಸ್ತಕ ತಗೊಂಡಿದಾನೆ. ವಾಪಸ್ ಒಳಗೆ ಬಿಡಬೇಕಾದ್ರೆ ಆ ತುದಿಯಿಂದ ಓಡಿಸಬೇಕು. ಈ ತುದಿಯಿಂದ ಆ ತುದಿಗೆ ನಡೆಯುವಾಗ ಬೆಂಚಿನ ಒರಗು ತಿರುಗಿಸ್ತಾ ಹೋಗಿದಾನೆ."

"ಖಾಲಿ ಗಾಡೀಲಿ? ಯಾರಿಗೋಸ್ಕರ?"

"ಯಾರಿಗೋಸ್ಕರನೂ ಅಲ್ಲ. ಕೈಗೆ ಬಿದ್ದ ಅಭ್ಯಾಸ. ಕೊನೇ ನಿಲ್ದಾಣದಲ್ಲಿ ಕಂಡಕ್ಟರು ಮಾಡೋ ಕೆಲಸ ಅದು. ಪ್ರಯಾಣಿಕರು ಮುಂದಕ್ಕೆ ಮುಖ ಮಾಡಿ ಕೂರಬೇಕಲ್ಲ."

"ಅಂದ್ರೆ ಹಳಿ ಜಾಗ ತನ್ನದು ಅಂತಿರೋ ಆ ಜಮೀನ್ದಾರ ಬ್ಯಾರನ್ ಮೊಮ್ಮಗ ಕಳಿಸಿದ ಕೂಲಿ ಕಳ್ಳ ಅಲ್ಲ. ನಮ್ಮ ಟ್ರಾಂನಲ್ಲಿ ಕೆಲಸ ಮಾಡಿದೋರು." ಪಾಶ್ಕೆ ಕೊನೆಯ ಬೆಂಚಿನ ಒರಗನ್ನು ತಟ್ಟಿದರು. "ಹನ್ನೊಂದು ತಿರುಗಿಸಿದ ಕೈ ಇದನ್ನ ಯಾಕೆ ಬಿಡ್ತು?"

ಅದು ಸೂಲಗಿತ್ತಿ ಕ್ರಾಯ್ಟ್ಸ್ ಅಜ್ಜಿಯ ಬೆಂಚು.

ನಾನು ಆಕೆಯನ್ನು ನೋಡಿದ ನೆನಪಿಲ್ಲ, ಕೇಳಿದ್ದಷ್ಟೇ. ಅರ್ಧ ಊರಿನ ಹೆರಿಗೆ ಮಾಡಿಸಿದವಳು. ಕೂತಲ್ಲಿಂದ ಇಡೀ ಗಾಡಿ ಕಾಣಬೇಕು ಆಕೆಗೆ. 'ನಾನು ಈ ಲೋಕಕ್ಕೆ ಎಳೆದು ತಂದ ಮುಖಗಳನ್ನು ಬಿಟ್ಟು ಕಿಟಕಿಯಾಚೆ ಪೈನ್ ಮರ ನೋಡ್ತಾ ಕೂರಲೇನು' ಎನ್ನುತ್ತಿದ್ದಳಂತೆ. ಹಾಗಾಗಿ ಟ್ರಾಂ ಯಾವ ದಿಕ್ಕಿಗೇ ಹೋಗಲಿ, ಆ ತುದಿಯ ಬೆಂಚನ್ನು ಕಂಡಕ್ಟರುಗಳು ತಿರುಗಿಸುತ್ತಿರಲಿಲ್ಲ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಆಕೆ ತೀರಿಕೊಂಡಳು. ಆಮೇಲೆ ಕೆಲಸಕ್ಕೆ ಸೇರಿದವರು ಹನ್ನೆರಡನ್ನೂ ತಿರುಗಿಸುತ್ತಾರೆ. ನಾನೂ ಸಹ.

ಇಷ್ಟನ್ನು ಹೇಳಿದೆ. ಪಾಶ್ಕೆ ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿದರು.

"ಐವತ್ತೆರಡಕ್ಕಿಂತ ಮುಂಚಿನ ಕೈ. ಅಂಥೋರು ಎಷ್ಟು ಜನ ಬದುಕಿದಾರೆ?"

ನನ್ನ ಕೋಣೆಯ ಗೋಡೆಗೆ ನಿವೃತ್ತರ ಪಟ್ಟಿ ಇದೆ. ನಮ್ಮಲ್ಲಿ ಒಂದು ಪದ್ಧತಿ. ನಿವೃತ್ತನಾದವನಿಗೆ ಅವನು ಬಳಸಿದ ಹಿತ್ತಾಳೆ ಹಿಡಿಯನ್ನು ಓಕ್ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿ, ಹೆಸರು ಕೆತ್ತಿಸಿ ಕೊಡುತ್ತೇವೆ. ಅಂಥ ಹಿಡಿಯೊಂದನ್ನು ಚಾಲಕನ ಪೆಟ್ಟಿಗೆಯ ಮೇಲೆ ಸಿಕ್ಕಿಸದೆ ಯಾವ ಗಾಡಿಯೂ ಒಂದಂಗುಲ ಅಲುಗದು. ಶೆಡ್ಡಿನಲ್ಲಿರುವ ಹಿಡಿಗಳೆಲ್ಲ ಭಾನುವಾರ ಕಬ್ಬಿಣದ ಪೆಟ್ಟಿಗೆಯಲ್ಲೇ ಇದ್ದವು, ಅದನ್ನು ಪಾಶ್ಕೆ ಮೊದಲ ದಿನವೇ ನೋಡಿದ್ದರು. ಹಾಗಾದರೆ ಕಳ್ಳ ಬಳಸಿದ್ದು ಯಾರದೋ ಮನೆಯ ಗೋಡೆಯ ಮೇಲಿನದು.

ಪಟ್ಟಿಯ ಮೇಲೆ ಬೆರಳು ಓಡಿಸಿದೆ. ಐವತ್ತೆರಡಕ್ಕೆ ಮುಂಚೆ ಸೇರಿದ ಹದಿನಾಲ್ಕು ಜನ. ನಮ್ಮಪ್ಪ ಗುಸ್ತಾವ್ ಲೆಮ್ಕೆ ಸೇರಿ ಹದಿಮೂರು ಹೆಸರುಗಳ ಮುಂದೆ ಶಿಲುಬೆ, ತೀರಿಕೊಂಡವರ ಗುರುತು.

"ಒಬ್ಬರೇ," ಎಂದೆ. "ಆಲ್ವಿನ್ ಟೀಟ್ಸ್."

ನಾಲ್ಕು ಗಂಟೆಯ ಟ್ರಾಂ ಹಿಡಿದೆವು. ಹತ್ತಿದ ತಕ್ಷಣ ಪಾಶ್ಕೆ ನನ್ನ ಪಾಸು ಕೇಳಿದರು. ತೋರಿಸಿದೆ.

ಕಾಡಿನ ನಡುವೆ ಟ್ರಾಂ ಸಾಗುವಾಗ ನಾನು ಸುಮ್ಮನೆ ಹಳಿ ನೋಡುತ್ತ ಕೂತೆ. ಸಾವಿರದ ಒಂಬೈನೂರ ಹನ್ನೆರಡರಲ್ಲಿ ಪಟ್ಟಣದ ಕಂಪನಿಯ ಇಂಜಿನಿಯರು ಬಂದು, ನಮ್ಮ ಆಡುಗಳನ್ನೂ ಸುಣ್ಣದ ಗೂಡುಗಳನ್ನೂ ನೋಡಿ, ಇಂಥ ಊರಿಗೆ ಟ್ರಾಂ ಯಾಕೆ ಎಂದು ನಕ್ಕು ಹೋಗಿದ್ದನಂತೆ. ಆ ನಗು ಊರಿಗೆ ಚುಚ್ಚಿತು. ತೊಂಬತ್ತಾರು ಮನೆಯವರು ತಮ್ಮ ತಮ್ಮ ಹೊಲದ ಅಂಚಿನಿಂದ ಒಂದೊಂದು ಪಟ್ಟಿ ನೆಲ ಬಿಟ್ಟುಕೊಟ್ಟರು. ಕಾಡಿನ ಪಟ್ಟಿಯನ್ನು ಬ್ಯಾರನ್ ಕೊಟ್ಟ. ಸುಣ್ಣದ ಗೂಡಿನವರು ರಜೆಯ ದಿನ ಬಂದು ಹಳಿ ಹಾಸಿದರು. ಎಲ್ಲರೂ ಒಂದು ಪುಸ್ತಕಕ್ಕೆ ಸಹಿ ಹಾಕಿದರು. ದೇಶದಲ್ಲಿ ಹಳ್ಳಿಯೊಂದು ತಾನೇ ಟ್ರಾಂ ಇಟ್ಟುಕೊಂಡಿದೆ ಎಂದರೆ ಈಗಲೂ ಜನ ನಂಬುವುದಿಲ್ಲ.

ಐವತ್ತರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಅದನ್ನು ತನ್ನದು ಮಾಡಿಕೊಂಡಿತು. ಈಗ ಆ ಸರ್ಕಾರವೇ ಇಲ್ಲ. ಹಳೆಯ ಒಡೆಯರು ಬಂದು ಪುರಾವೆ ತೋರಿಸಿ ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾರೆ. ಊರಿನ ಪುರಾವೆ ಎಂದರೆ ಆ ಪುಸ್ತಕ. ಜೂನ್‌ನಲ್ಲಿ ಬ್ಯಾರನ್‌ನ ಮೊಮ್ಮಗನ ವಕೀಲರಿಂದಲೂ ಕಾಗದ ಬಂತು. ಕಾಡಿನ ಪಟ್ಟಿ ತನ್ನದು, ಹಳಿ ಕಿತ್ತು ಬಂಗಲೆ ಕಟ್ಟಿಸುತ್ತೇನೆ ಎಂದು. ಆ ಮನುಷ್ಯನ ಮುಖವನ್ನು ಊರಲ್ಲಿ ಯಾರೂ ನೋಡಿಲ್ಲ. ನಾನೂ ನೋಡಿಲ್ಲ ಎಂದು ರೋಸ್ವಿತಾ ಸೋಮವಾರದ ಸಭೆಯಲ್ಲಿ ಕಣ್ಣೀರು ಹಾಕುತ್ತಲೇ ಹೇಳಿದ್ದರು.

ಇನ್ನೊಂದು ಮಾತು ಹೇಳಬೇಕು, ನಾಚಿಕೆಯಾದರೂ. ಆ ಪುಸ್ತಕವನ್ನು ನಾವು ಪ್ರತಿ ಮೇ ಒಂದಕ್ಕೂ ಮೆರವಣಿಗೆ ಮಾಡುತ್ತೇವೆ, ಟೋಪಿ ತೆಗೆದು ತಲೆಬಾಗುತ್ತೇವೆ. ಓದಿದವರಿಲ್ಲ. ಅದು ಹಳೆಯ ಕೈಬರಹ. ನಲವತ್ತೊಂದರಲ್ಲಿ ಶಾಲೆಗಳಲ್ಲಿ ಅದನ್ನು ಕಲಿಸುವುದು ನಿಂತಿತು. ನನಗೆ ಅದು ಕೋಳಿ ಕೆದರಿದ ಹಾಗೆ ಕಾಣುತ್ತದೆ. ನಾಳೆ ಓದುವುದಕ್ಕೆಂದೇ ಕಚೇರಿಯವರು ಒಬ್ಬರನ್ನು ಗೊತ್ತುಮಾಡಿದ್ದರು.

ಕಾಲುವೆ ತೂಬಿನ ನಿಲ್ದಾಣದಲ್ಲಿ ಇಳಿದೆವು. ನಿನ್ನೆ ಮಳೆ ಬಂದಾಗ ನಾನು ಬಿಟ್ಟುಹೋಗಿದ್ದ ಸೈಕಲ್ ಅಲ್ಲೇ ಇತ್ತು. ಟೀಟ್ಸ್ ಅವರದು ಎದುರಿನ ಮನೆ. ಎಪ್ಪತ್ತೊಂಬತ್ತರ ಮುದುಕ, ನಾಲ್ಕು ಕಾಲಿನ ಊರುಗೋಲು ಹಿಡಿದು ಬಾಗಿಲಿಗೆ ಬಂದರು.

"ಲೋ ರೂಡಿ! ಟಿಕೆಟಮ್ಮನ್ನೂ ಕರ್ಕೊಂಡು ಬಂದಿದೀಯ. ನಾನು ಮಂಚದ ಮೇಲೆ ಮಲಗೋಕೂ ಟಿಕೆಟ್ ತಗೋಬೇಕೇನೋ?"

ಪಾಶ್ಕೆ ನಗಲಿಲ್ಲ. "ಹೆರ್ ಟೀಟ್ಸ್, ಭಾನುವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂಕಾಲರವರೆಗೆ ಎಲ್ಲಿದ್ರಿ?"

ಭಾನುವಾರ ಆ ಹೊತ್ತಿಗೆ ಟ್ರಾಂ ಓಡುವುದಿಲ್ಲ. ಚಾಲಕರೆಲ್ಲ ಊಟಕ್ಕೆ ಹೋಗಿರುತ್ತಾರೆ. ಮುದುಕ ಅದನ್ನು ಬಲ್ಲವರು. ಮುಖ ಕೆಂಪೇರಿತು.

"ಕಳ್ಳ ಅಂತೀರೇನ್ರೀ ನನ್ನ? ರೂಡಿ, ನಿಮ್ಮಪ್ಪ ಇದ್ದಿದ್ರೆ ನಿನಗೆ ಎರಡು ಬಿಗಿದಿರೋನು!"

"ಪುಸ್ತಕ ನಿಮ್ಮ ಅಪ್ಪಂದಿರ ಸಹಿ ಇರೋದು," ಎಂದೆ. ದನಿ ಏರಿತು. "ನಾಳೆ ಹಳಿ ಹೋಗುತ್ತೆ ಆಲ್ವಿನ್ ಮಾವ! ಬೆಂಚು ತಿರುಗಿಸದೆ ಬಿಟ್ಟಿದಾರೆ. ಕ್ರಾಯ್ಟ್ಸ್ ಅಜ್ಜಿ ಬೆಂಚು. ನಿಮ್ಮ ಕಾಲದೋರು ಬೇರೆ ಯಾರಿದಾರೆ ಹೇಳಿ!"

ಮುದುಕ ತಣ್ಣಗಾದರು. ಊರುಗೋಲು ಸರಿಸುತ್ತ ಒಳಗೆ ಕರೆದೊಯ್ದು ಗೋಡೆ ತೋರಿಸಿದರು. ಓಕ್ ಹಲಗೆ, ಹಿತ್ತಾಳೆ ಹಿಡಿ. ಹಿಂದಿನ ವರ್ಷ ಅಳಿಯ ಗೋಡೆಗೆ ಬಣ್ಣ ಬಳಿಯುವಾಗ ಹಲಗೆಯನ್ನು ತೆಗೆಯುವ ಕಷ್ಟ ತೆಗೆದುಕೊಂಡಿರಲಿಲ್ಲ. ಹಲಗೆಯ ಅಂಚು, ಸ್ಕ್ರೂಗಳ ತಲೆ, ಎಲ್ಲದರ ಮೇಲೂ ಹಳದಿ ಬಣ್ಣ ಹಾಗೇ ಗಟ್ಟಿಯಾಗಿತ್ತು. ಎಲ್ಲೂ ಬಿರುಕಿರಲಿಲ್ಲ.

"ಮತ್ತೆ ಈ ಸೊಂಟ," ಎಂದರು. "ಮೂರನೇ ನಂಬರಿನ ಮೆಟ್ಟಿಲು ಮಂಡಿ ಎತ್ತರ. ನನ್ನನ್ನು ಹತ್ತಿಸೋಕೆ ಕ್ರೇನ್ ಬೇಕು."

"ಕ್ಷಮಿಸಿ," ಎಂದರು ಪಾಶ್ಕೆ. ಅವರ ಬಾಯಲ್ಲಿ ಆ ಪದವನ್ನು ಅಂದೇ ಮೊದಲು ಕೇಳಿದ್ದು. ಅವರು ಹೊರಡಲಿಲ್ಲ. "ನೀವು ಯುದ್ಧಕ್ಕೆ ಹೋಗಿದ್ರಾ?"

"ನಲವತ್ತೆರಡರಲ್ಲಿ ಹೋದೆ. ಸೆರೆಯಿಂದ ಬಂದದ್ದು ನಲವತ್ತೆಂಟಕ್ಕೆ. ಗಂಡಸರೆಲ್ಲ ಹೋಗಿದ್ವಿ."

"ಆಗ ಟ್ರಾಂ ನಿಂತಿತ್ತಾ?"

"ನಿಲ್ಲೋದಾ? ಕೊನೇ ವಾರದವರೆಗೂ ಓಡಿತು."

"ಯಾರು ಓಡಿಸಿದ್ರು?"

ಮುದುಕ ನಕ್ಕರು. "ಹೆಂಗಸರು. ಏಳೆಂಟು ಹುಡುಗೀರು. ಟಿಕೆಟ್ ಹರಿಯೋಕೆ ಅಂತ ತಗೊಂಡ್ರು, ಕೊನೆಗೆ ಗಾಡಿ ಓಡಿಸೋದನ್ನೂ ಅವರೇ ಕಲಿತ್ರು. ನಾವು ಬಂದ ಮೇಲೆ ಒಂದೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದ್ರು."

"ಅವರ ಹೆಸರು ಪಟ್ಟಿಯಲ್ಲಿಲ್ಲ."

"ಅವರಿಗೆ ಹಲಗೆ ಕೊಟ್ಟಿಲ್ಲವಲ್ಲ. ಹಲಗೆ ಇಲ್ಲದೋರ ಹೆಸರು ಯಾರು ಬರೀತಾರೆ?"

ಹೇಳುತ್ತ ಹೇಳುತ್ತ ಅವರ ಕಣ್ಣು ನನ್ನ ಮೇಲೆ ಬಿತ್ತು. ನಗು ನಿಂತಿತು. ಟೀಟ್ಸ್ ಕಿಟಕಿಯ ಕಡೆ ತಿರುಗಿ ಪರದೆ ಸರಿಮಾಡತೊಡಗಿದರು. ಆ ಪರದೆ ಸರಿಯಾಗಿಯೇ ಇತ್ತು.

ಅಪ್ಪ ಅಮ್ಮನನ್ನು ಮೊದಲು ನೋಡಿದ್ದು ಟ್ರಾಂನಲ್ಲಿ. ಅಮ್ಮನ ಕೊರಳಲ್ಲಿ ಟಿಕೆಟ್ ಚೀಲ ಇತ್ತಂತೆ. ನನ್ನ ನಲವತ್ತನಾಲ್ಕು ವರ್ಷದಲ್ಲಿ ಈ ಕತೆಯನ್ನು ನೂರು ಸಲ ಕೇಳಿದ್ದೆ. ಅದು ಮದುವೆಯ ಕತೆ ಎಂದುಕೊಂಡಿದ್ದೆ, ಕೆಲಸದ ಕತೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಹೊರಗೆ ಬಂದಾಗ ಪಾಶ್ಕೆ ಗಡಿಯಾರ ನೋಡಿದರು.

"ನಿಮ್ಮ ಸೈಕಲ್ ತೂಬಿನ ಹತ್ತಿರ ಇದೆಯಲ್ಲ. ಹೋಗಿ. ನಾನು ಐದು ಹತ್ತರ ಟ್ರಾಂಗೆ ಬರ್ತೀನಿ."

ಅವರು ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಧ ಗಂಟೆ ಕೊಟ್ಟಿದ್ದರು. ಕಾಯಿದೆಯಲ್ಲಿ ಅಂಥದ್ದಕ್ಕೆ ಜಾಗ ಇರಲಿಲ್ಲ, ಅದು ನನಗೂ ಗೊತ್ತಿತ್ತು.

ಮನೆ ತುಂಬ ಪ್ಲಮ್ ಕೇಕಿನ ವಾಸನೆ. ನಾನು ಅಡುಗೆಮನೆಗೆ ಹೋಗದೆ ನೇರ ಸೋಫಾದ ಮೇಲಿನ ಗೋಡೆಗೆ ಹೋದೆ. ಗುಸ್ತಾವ್ ಲೆಮ್ಕೆ, ಮೂವತ್ತೇಳು ವರ್ಷದ ಸೇವೆ. ಹಿತ್ತಾಳೆ ಹಿಡಿ ಅಲ್ಲೇ ಇತ್ತು. ಎರಡು ಸ್ಕ್ರೂಗಳ ತಲೆ ಮಾತ್ರ ಹೊಸದಾಗಿ ಗೀಚಿ ಹೊಳೆಯುತ್ತಿದ್ದವು.

"ಬೆಂಚು ನೋಡಿದ್ರಾ?" ಹಿಂದಿನಿಂದ ಅಮ್ಮ ಕೇಳಿದರು.

ಎಲ್ಫ್ರೀಡೆ ಲೆಮ್ಕೆ, ಅರವತ್ತೊಂಬತ್ತು. ಕೈಯಲ್ಲಿ ಕೇಕಿನ ತಟ್ಟೆ. ಮೇಜಿನ ಮೇಲೆ ಮೂರು ಬಟ್ಟಲು.

"ಅಮ್ಮಾ, ಏನು ಮಾಡಿದೆ ನೀನು?"

"ಕೂತ್ಕೋ ಮೊದಲು. ಗಾಡಿ ನಿಲ್ಲಿಸಿ ಮನೆಗೆ ಬಂದು ಆಲೂಗಡ್ಡೆ ಸುಲೀತಾ ಇರುವಾಗ ನೆನಪಾಯ್ತು. ಅಯ್ಯೋ, ಕ್ರಾಯ್ಟ್ಸ್ ಅಜ್ಜಿ ಬೆಂಚು ಹಾಗೇ ಬಿಟ್ಟೆ ಅಂತ. ಅಷ್ಟು ಹೊತ್ತಿಗೆ ನೀವೆಲ್ಲ ಊಟ ಮುಗಿಸಿ ಬಂದಿದ್ರಿ."

"ಊರು ನನ್ನನ್ನ ಕಳ್ಳ ಅಂತಿದೆ!"

ಅಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಗೊತ್ತು ಕಣೋ. ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ. ನಾಳೆ ಹನ್ನೊಂದು ಗಂಟೆಗೆ ನಾನೇ ಹೋಗಿ ಹೇಳ್ತಿದ್ದೆ, ವಿಚಾರಣೆ ಮುಗಿದ ಮೇಲೆ."

ಕೇಕಿನ ಡಬ್ಬದ ತಳದಿಂದ, ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಒಂದು ಪುಟಕ್ಕೆ ಹಳೆಯ ಟಿಕೆಟ್ ಸಿಕ್ಕಿಸಿದ್ದರು.

"ನಲವತ್ತೈದರ ಏಪ್ರಿಲ್‌ನಲ್ಲಿ ಇದನ್ನ ಬಚ್ಚಿಟ್ಟೋಳು ನಾನು. ಮೇಣದಬತ್ತಿ ಬೆಳಕಲ್ಲಿ ಈ ಪುಟ ಓದಿದ್ದೆ. ಅಷ್ಟರಲ್ಲಿ ಫಿರಂಗಿ ಶುರುವಾಯ್ತು. ಕೇಳು." ಬೆರಳಿಟ್ಟು ಓದಿದರು. "'ಊರು ಈ ಹಳಿಯನ್ನು ಬೇರೆ ಯಾರ ಕೈಗೆ ಬಿಟ್ಟುಕೊಟ್ಟರೂ, ಅಂದಿನಿಂದ ನಾನು ಕೊಟ್ಟ ಕಾಡಿನ ಪಟ್ಟಿ ನನ್ನ ಮನೆತನಕ್ಕೆ ಮರಳತಕ್ಕದ್ದು.' ಬ್ಯಾರನ್ ಬರೆಸಿದ್ದು. ಐವತ್ತರಲ್ಲಿ ಸರ್ಕಾರದ ಕೈಗೆ ಹೋಯ್ತೋ ಇಲ್ವೋ?"

ನಾನು ಕೂತೆ. ಎಂಬತ್ತು ವರ್ಷ ಟೋಪಿ ತೆಗೆದು ನಮಸ್ಕರಿಸಿದ ಪುಸ್ತಕ ನಾಳೆ ನಮ್ಮ ಕತ್ತನ್ನೇ ಕೊಯ್ಯಲಿತ್ತು. ಇಟ್ಟರೂ ಟ್ರಾಂ ಹೋಗುತ್ತದೆ. ಇಡದಿದ್ದರೆ ಪುರಾವೆ ಇಲ್ಲ ಎಂದು ದಿನ ಮುಂದೂಡಬಹುದು ಎಂಬುದಷ್ಟೇ ಅಮ್ಮನ ಆಸೆ.

"ಸುಟ್ಟುಬಿಡಬಹುದಿತ್ತು," ಎಂದೆ. ಹೇಳಿದ ಮೇಲೆ ನನಗೇ ಹೇಸಿಗೆಯಾಯಿತು.

"ನಿಮ್ಮ ತಾತನ ಸಹಿ ಇದೆ ಇದರಲ್ಲಿ. ಸುಡ್ತಾರೇನೋ?"

ಹೊರಗೆ ಟ್ರಾಂ ಗಂಟೆ ಎರಡು ಸಲ ಬಡಿಯಿತು. ಗೇಟು ಕಿರುಗುಟ್ಟಿತು. ಪಾಶ್ಕೆ ಬಾಗಿಲು ತಟ್ಟಿ ಒಳಬಂದು, ಅಮ್ಮನಿಗೆ ತಲೆಬಾಗಿ, ಮೂರನೇ ಬಟ್ಟಲಿನ ಮುಂದೆ ಕೂತರು. ಪುಸ್ತಕವನ್ನು ಮುಚ್ಚಲು ನನಗೆ ಹೊತ್ತು ಸಾಲಲಿಲ್ಲ. ಪರವಾಗಿಲ್ಲ, ಐವತ್ತೆರಡು ವಯಸ್ಸಿನ ಹೆಂಗಸು, ಈ ಬರಹ ಓದಲಾರರು ಎಂದು ಸಮಾಧಾನ ಮಾಡಿಕೊಂಡೆ.

ಪಾಶ್ಕೆ ಕನ್ನಡಕ ಏರಿಸಿದರು.

"ನಮ್ಮಜ್ಜಿ ಅಡುಗೆ ಪುಸ್ತಕ ಇದೇ ಅಕ್ಷರದಲ್ಲಿತ್ತು," ಎಂದು ಸಾಲಿನ ಮೇಲೆ ಬೆರಳು ಇಟ್ಟರು.

ಓದಿದರು. ಮತ್ತೊಮ್ಮೆ ಓದಿದರು. ಅಮ್ಮ ಕಾಫಿ ಬಗ್ಗಿಸುವುದನ್ನು ಮರೆತು ಕೆಟಲ್ ಹಿಡಿದು ನಿಂತಿದ್ದರು.

"ಫ್ರಾವ್ ಲೆಮ್ಕೆ, ನಿಮ್ಮ ಕಣ್ಣಿಗೆ ಪೊರೆ ಬಂದಿದೆಯಾ?"

"ಬಂದಿದೆ. ಯಾಕೆ?"

"ವಾಕ್ಯ ಮುಗಿದಿಲ್ಲ. ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಇನ್ನೊಂದು ಪದ ಇದೆ. 'ಆದರೆ'."

ಪಾಶ್ಕೆ ಎದುರಿನ ಪುಟಕ್ಕೆ ಬೆರಳು ಸರಿಸಿದರು. ಅದರಲ್ಲಿ ಬೇರೇನೋ ವಿಷಯ, ಸೇತುವೆಯ ಕಲ್ಲಿನದು. ನಡುವೆ ಹೊಲಿಗೆಯ ಪಕ್ಕ ಬೆರಳಗಲದ ಕಾಗದದ ಅಂಚು ಉಳಿದಿತ್ತು. ಪುಸ್ತಕವೆಲ್ಲ ಚಹಾದ ಬಣ್ಣಕ್ಕೆ ತಿರುಗಿದ್ದರೂ ಕೊಯ್ದ ಗೆರೆ ಮಾತ್ರ ಬೆಳ್ಳಗೆ, ಹೊಸದಾಗಿತ್ತು.

"ನಾನಲ್ಲ!" ಎಂದರು ಅಮ್ಮ. "ದೇವರಾಣೆ, ಆ ಸಾಲು ನೋಡಿ ಹಾಗೇ ಮುಚ್ಚಿದ್ದೆ."

"ನೀವಲ್ಲ. ನೀವು ಕೊಯ್ಯೋ ಹಾಗಿದ್ರೆ ಈ ಪುಟ ಕೊಯ್ತಿದ್ರಿ. ಆ 'ಆದರೆ' ಯಾರಿಗೆ ಬೇಡವೋ ಅವರು ಕೊಯ್ದಿದಾರೆ." ಪಾಶ್ಕೆ ನನ್ನ ಕಡೆ ತಿರುಗಿದರು. "ಹೆರ್ ಲೆಮ್ಕೆ, ಭಾನುವಾರಕ್ಕೆ ಮುಂಚೆ ಇದು ಕಪಾಟಿನಿಂದ ಹೊರಗೆ ಬಂದದ್ದು ಯಾವಾಗ?"

"ಮೇ ಒಂದಕ್ಕೆ. ಇಡೀ ದಿನ ಮೇಯರ್ ಕಚೇರಿಯಲ್ಲಿತ್ತು."

ಅವರು ಕೈಚೀಲದಿಂದ ದಂಡದ ರಸೀದಿ ಪುಸ್ತಕಗಳಲ್ಲಿ ಒಂದನ್ನು ತೆಗೆದರು, ಹಿಂದಕ್ಕೆ ತಿರುವಿದರು, ಊರಿನ ಪುಸ್ತಕದ ಪಕ್ಕ ಬಿಡಿಸಿಟ್ಟರು. ಮೇ ಒಂದು, ಎರಡು ರಸೀದಿ. ಮೊದಲನೆಯದರಲ್ಲಿ ರೋಸ್ವಿತಾ ಹಾಂಕೆಯ ಸಹಿ. ಎರಡನೆಯದು ಅವರ ಅತಿಥಿಯದು, ಎಲ್ಲರಿಗೂ ಅರ್ಥವಾಗುವ ದುಂಡು ಅಕ್ಷರದಲ್ಲಿ.

ಈ ಬರಹ ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಆಹಿಮ್ ಫೊನ್ ಗ್ರೂನೆಕ್, ರೋಸ್ವಿತಾ ಮುಖವನ್ನೇ ನೋಡಿಲ್ಲ ಎಂದಿದ್ದ ಬ್ಯಾರನ್‌ನ ಮೊಮ್ಮಗ. ನಾಳೆ ಹತ್ತು ಗಂಟೆಗೆ ಊರಿನ ಪರವಾಗಿ ಎದ್ದು ನಿಂತು ಮಾತಾಡಬೇಕಾದವರು ರೋಸ್ವಿತಾ.